ಕುಗ್ಗಿನ ಸ್ಕೇಲು

ಕಳೆದ ತಿಂಗಳು ನಾನು ಹುಡುಕುತ್ತಿದ್ದದ್ದು ಕಣ್ಣಿಗೆ ಹಾಕುವ ಡ್ರಾಪ್ಸು. ಸಿಕ್ಕಿದ್ದು ಅಪ್ಪನ ಉಕ್ಕಿನ ಸ್ಕೇಲು. ನನ್ನ ಟೇಬಲ್ಲಿನ ಕೆಳಗಿನ ಡ್ರಾಯರಿನ ಸ್ವಭಾವವೇ ಹಾಗೆ, ಕೇಳಿದ್ದನ್ನು ಅದು ಎಂದೂ ಕೊಟ್ಟದ್ದಿಲ್ಲ. ಅದರೊಳಗೆ ಕತ್ತಿನ ಬೆಲ್ಟಿದೆ, ಸತ್ತ ನಾಲ್ಕು ಮೌಸುಗಳಿವೆ, ಈಗ ಯಾವ ಕಂಪ್ಯೂಟರೂ ನುಂಗದ ಸಿ.ಡಿ.ಗಳ ಕಟ್ಟಿದೆ, ಯಾರ್ಯಾರದೋ ಗೃಹಪ್ರವೇಶದ ಕಾರ್ಡುಗಳಿವೆ. ಮೇಲೆ ಪರದೆಯಲ್ಲಿ ನನ್ನ ತ್ರೀಡಿ ಸಾಫ್ಟ್‌ವೇರು, ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರಾ ಎಂದು ಕೇಳುತ್ತ ನಿಂತಿತ್ತು. ಇಪ್ಪತ್ತು ವರ್ಷದಿಂದ ಕೇಳುತ್ತಲೇ ಇದೆ. ಹೂಂ ಅಂದಾಗಲೆಲ್ಲ ನಾನು ಕಷ್ಟಪಟ್ಟು ನೆನಪಿಟ್ಟುಕೊಂಡ ಗುಂಡಿಗಳು ಜಾಗ ಬದಲಿಸಿರುತ್ತವೆ, ಹೊಸದಾಗಿ ಬಂದ ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೇರೆ ಗೂಡಿನಲ್ಲಿ ಜೋಡಿಸಿಟ್ಟ ಹಾಗೆ. ಸಾಕಾಗಿದೆ. 'ಆಮೇಲೆ' ಎಂಬುದನ್ನು ಒತ್ತಿ ಸ್ಕೇಲನ್ನು ಕೈಗೆತ್ತಿಕೊಂಡೆ.

ಈ ಸ್ಕೇಲಿನ ಬಗ್ಗೆ ನಿಮಗೆ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇದು ಸುಳ್ಳು ಹೇಳುವ ಸ್ಕೇಲು. ಇದರ ಮೇಲೆ ಹತ್ತು ಸೆಂಟಿಮೀಟರ್ ಎಂದು ಗುರುತಿರುವ ಕಡೆ ನಿಜವಾಗಿ ಇರುವುದು ಹತ್ತೂ ಚಿಲ್ಲರೆ, ಅಂದರೆ ಒಂದು ಮಿಲಿಮೀಟರ್ ಜಾಸ್ತಿ. ಕೊಂಡ ಕಡೆ ಮೋಸವಾಗಿ ಹೀಗಾದದ್ದಲ್ಲ. ಬೇಕೆಂದೇ ಹೀಗೆ ಮಾಡಿದ್ದಾರೆ.

ಅಪ್ಪ ಹರಿಹರದಲ್ಲಿ ಪ್ಯಾಟ್ರನ್ ಮೇಸ್ತ್ರಿ ಆಗಿದ್ದವರು. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ಯಾವುದೇ ಸಾಮಾನಿಗೂ ಮೊದಲು ಅದೇ ಆಕಾರದ ಮರದ ಅಚ್ಚು ಬೇಕು. ಅದೇ ಪ್ಯಾಟ್ರನ್ನು. ಅದನ್ನು ಮರಳಿನಲ್ಲಿ ಒತ್ತಿ, ತೆಗೆದು, ಉಳಿದ ಗುಳಿಯೊಳಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ತಣ್ಣಗಾಗುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಆದ್ದರಿಂದ ಮರದ ಅಚ್ಚು ಅಷ್ಟು ದೊಡ್ಡದಿರಬೇಕು. ಪ್ರತಿಯೊಂದಕ್ಕೂ ಲೆಕ್ಕ ಹಾಕುತ್ತ ಕೂರಲಾಗುವುದಿಲ್ಲವಲ್ಲ, ಅದಕ್ಕೇ ಈ ಹಿಗ್ಗಿದ ಸ್ಕೇಲು. ಅಪ್ಪ ಕೆಲಸ ಮಾಡುತ್ತಿದ್ದ ಶಾಪಿನಲ್ಲಿ ಇದಕ್ಕೆ ಕುಗ್ಗಿನ ಸ್ಕೇಲು ಅಂತಲೇ ಹೆಸರು.

ಐದನೇ ಕ್ಲಾಸಿನಲ್ಲಿ ನಾನು ಇದನ್ನು ಅಪ್ಪನ ಪೆಟ್ಟಿಗೆಯಿಂದ ಕದ್ದು ಶಾಲೆಗೆ ಒಯ್ದೆ. ಎಲ್ಲರದೂ ಪ್ಲಾಸ್ಟಿಕ್ ಸ್ಕೇಲು, ನನ್ನದು ಫಳಫಳ ಉಕ್ಕು. ಆ ಜಂಬಕ್ಕೆ ಒಂದು ವಾರ ಆಯುಸ್ಸು ಇತ್ತು. ನಾನು ಎಳೆದ ಗೆರೆಗಳೆಲ್ಲ ಒಂದೊಂದು ಕೂದಲು ಉದ್ದ ಬಂದು, ಗಣಿತದ ಮೇಷ್ಟ್ರು ಪುಸ್ತಕದ ತುಂಬ ಕೆಂಪು ಗೀಟು ಹಾಕಿದರು. ನನ್ನ ಸ್ಕೇಲೇ ಸರಿ, ನಿಮ್ಮದೇ ತಪ್ಪು ಸಾರ್ ಎಂದು ವಾದ ಬೇರೆ ಮಾಡಿದೆ, ಆ ವಾದಕ್ಕೆ ಬೆಂಚಿನ ಮೇಲೆ ನಿಂತದ್ದಾಯಿತು. ಮನೆಗೆ ಬಂದು ಅಳುತ್ತ ಹೇಳಿದರೆ ಅಪ್ಪ ನಕ್ಕುಬಿಟ್ಟರು. ಅಪ್ಪ ನಕ್ಕದ್ದನ್ನು ನಾನು ಎಣಿಸಬಲ್ಲೆ, ಅಷ್ಟು ಅಪರೂಪ.

"ಅದು ಸುಳ್ಳು ಅಳತಿ ಅಲ್ಲವ್ವ. ಬಿಸಿ ಇದ್ದಾಗ ಸುಳ್ಳು, ತಣ್ಣಗಾದ ಮ್ಯಾಲೆ ನಿಜ" ಅಂದರು.

ನಮ್ಮ ಮನೆಯಲ್ಲಿ ಆಟದ ಸಾಮಾನೆಂದರೆ ಶಾಪಿನಲ್ಲಿ ಬೇಡವಾದ ಪ್ಯಾಟ್ರನ್‌ಗಳು. ಕೆಂಪು ಬಣ್ಣ ಬಳಿದ ಹಲ್ಲಿನ ಚಕ್ರ, ಪಂಪಿನ ಮೊಣಕೈ, ಯಾವುದೋ ಮೆಷಿನ್ನಿನ ಕಾಲು. ನಾನೂ ನನ್ನ ತಂಗಿಯೂ ಪಂಪಿನ ಹೊಟ್ಟೆಯನ್ನು ತೊಟ್ಟಿಲು ಮಾಡಿ ಗೊಂಬೆ ಮಲಗಿಸುತ್ತಿದ್ದೆವು. ಅಪ್ಪನ ಅಂಗಿ ಒದರಿದರೆ ತೇಗದ ಪುಡಿ ಉದುರುತ್ತಿತ್ತು. ಆ ವಾಸನೆ ನನಗೆ ಎಷ್ಟು ಸೇರುತ್ತಿತ್ತೆಂದರೆ ಶಾಪಿಗೆ ಕರಕೊಂಡು ಹೋಗು ಎಂದು ದುಂಬಾಲು ಬೀಳುತ್ತಿದ್ದೆ. "ಹೆಣ್ಮಕ್ಳಿಗೆ ಅಲ್ಲೇನೈತೆ?" ಎನ್ನುವುದು ಅಪ್ಪನ ಖಾಯಂ ಉತ್ತರ. ಒಂದು ದಿನವೂ ಕರೆದೊಯ್ಯಲಿಲ್ಲ. ಈ ಸಿಟ್ಟು ನನ್ನಲ್ಲಿ ಇನ್ನೂ ಪೂರ್ತಿ ತಣ್ಣಗಾಗಿಲ್ಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಾನು ದಾವಣಗೆರೆಗೆ ಬಂದು ಕೆ.ಬಿ. ಬಡಾವಣೆಯ ಒಂದು ಮಹಡಿಯ ಮೇಲೆ ತ್ರೀಡಿ ಆನಿಮೇಷನ್ ಕಲಿತೆ. ಆಗ ಅದರ ಹುಚ್ಚು ಊರಿಗೆಲ್ಲ ಹಿಡಿದಿತ್ತು. ನಾವು ಹನ್ನೆರಡು ಜನ, ಎಲ್ಲರಿಗೂ ಸಿನಿಮಾದಲ್ಲಿ ಡೈನೋಸಾರ್ ಓಡಿಸುವ ಆಸೆ. ಮೊದಲ ತಿಂಗಳೆಲ್ಲ ಒಂದು ಚೆಂಡನ್ನು ಪುಟಿಸಿದೆವು. ನನ್ನ ಚೆಂಡಿಗೆ ಭಾರವೇ ಇರುತ್ತಿರಲಿಲ್ಲ, ಬಲೂನಿನಂತೆ ತೇಲಿ ಇಳಿಯುತ್ತಿತ್ತು. ನೆಲಕ್ಕೆ ತಾಗುವ ಗಳಿಗೆಯಲ್ಲಿ ಅದನ್ನು ಸ್ವಲ್ಪ ಚಪ್ಪಟೆ ಮಾಡಬೇಕು, ಆಗ ಭಾರ ಬರುತ್ತದೆ ಎಂದು ಹೇಳಿಕೊಡುವಷ್ಟರಲ್ಲಿ ಅರ್ಧ ಜನ ಬಿಟ್ಟುಹೋಗಿದ್ದರು. ನಾನು ಉಳಿದೆ. ಡೈನೋಸಾರ್ ಮಾತ್ರ ಬರಲೇ ಇಲ್ಲ. ಮದುವೆ ವೀಡಿಯೋದಲ್ಲಿ ಗಂಡು-ಹೆಣ್ಣಿನ ಹೆಸರು ಗಿರಗಿರನೆ ತಿರುಗಿ ಬಂದು ನಿಲ್ಲುವುದನ್ನು ಮಾಡಿದೆ. ಅದಾದ ಮೇಲೆ ಮನೆಗಳು.

ಹೊಸದಾಗಿ ಕಂಪ್ಯೂಟರ್ ತಂದಾಗ ಅಪ್ಪನನ್ನು ಎದುರಿಗೆ ಕೂರಿಸಿ ಒಂದು ಹಲ್ಲಿನ ಚಕ್ರ ಮಾಡಿ ತೋರಿಸಿದೆ. ತಿರುಗಿಸಿದೆ, ಬಗ್ಗಿಸಿದೆ, ಹೊಳಪು ಕೊಟ್ಟೆ. ಅಪ್ಪ ಕನ್ನಡಕ ಏರಿಸಿ ನೋಡಿದರು.

"ಒಳಗೆ ಏನೈತೆ?"

"ಏನಿಲ್ಲ. ಮೇಲಿನ ಸಿಪ್ಪೆ ಅಷ್ಟೇ."

"ಕುಗ್ಗು ಎಷ್ಟು ಕೊಟ್ಟೀ?"

"ಇದು ಕುಗ್ಗಲ್ಲಪ್ಪ."

"ಬಿಸಿ ಇಲ್ಲ, ತಣ್ಣಗಾಗಲ್ಲ, ಒಳಗೆ ಖಾಲಿ" ಎಂದು ಎದ್ದರು. "ನೋಡಾಕ ಚಂದೈತೆ ಬಿಡು."

ಅಲ್ಲಿಂದ ಮುಂದೆ ನನ್ನ ಉದ್ಯೋಗದ ಬಗ್ಗೆ ಯಾರು ಕೇಳಿದರೂ ಅಪ್ಪ ಹೇಳುವುದು ಒಂದೇ ಮಾತು, "ಮಗಳು ಕಂಪ್ಯೂಟರ್ ಮುಂದೆ ಕೂಡ್ತಾಳ." ಮಾಡ್ತಾಳ ಅಂತ ಅಲ್ಲ, ಕೂಡ್ತಾಳ. ಕೆಲಸ ಎಂಬ ಪದವನ್ನು ನನ್ನ ಹೆಸರಿನ ಪಕ್ಕದಲ್ಲಿ ಅವರು ಇಟ್ಟದ್ದನ್ನು ನಾನು ಕೇಳಿಲ್ಲ. ವಯಸ್ಸು ನಲವತ್ತೇಳಾಯಿತು, ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಳ್ಳುತ್ತೇನೆ.

ಒಂದರ್ಥದಲ್ಲಿ ಅಪ್ಪ ಹೇಳಿದ್ದು ತಪ್ಪೂ ಅಲ್ಲ. ನಾನು ಮಾಡುವುದು ಕಟ್ಟಲಿರುವ ಮನೆಗಳ ತ್ರೀಡಿ. ಗೇಟು ತೆರೆಯುತ್ತದೆ, ಕ್ಯಾಮೆರಾ ಒಳಗೆ ತೇಲಿ ಹೋಗುತ್ತದೆ, ಹಾಲ್, ದೇವರ ಮನೆ, ಅಡುಗೆಮನೆ. ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಇಡುವುದು ನನ್ನ ಸ್ವಂತ ಬುದ್ಧಿ. ಅದನ್ನು ನೋಡಿದ ತಕ್ಷಣ ಹೆಂಗಸರು "ಈಗ ಮನಿ ಆತು ನೋಡ್ರಿ" ಅನ್ನುತ್ತಾರೆ. ಗಂಡಸರು ಮಾತ್ರ "ಮೇಡಂ, ಹಾಲ್ ಇನ್ನೂ ಸ್ವಲ್ಪ ದೊಡ್ಡದು ಕಾಣಂಗೆ ಮಾಡ್ರಿ" ಅನ್ನುತ್ತಾರೆ. ಅದಕ್ಕೊಂದು ಉಪಾಯವಿದೆ, ಯಾರಿಗೂ ಹೇಳಬೇಡಿ. ಕೋಣೆಯನ್ನು ಮುಟ್ಟುವ ಹಾಗಿಲ್ಲ, ಸೈಟು ಇದ್ದಷ್ಟೇ. ಸೋಫಾ, ಮಂಚ, ಟೇಬಲ್ಲುಗಳನ್ನು ನೂರಕ್ಕೆ ಹತ್ತರಷ್ಟು ಕುಗ್ಗಿಸಿಬಿಡುತ್ತೇನೆ. ಕೋಣೆ ತಾನಾಗಿ ಹಿಗ್ಗುತ್ತದೆ. ದೇವರಾಜ ಅರಸು ಬಡಾವಣೆಯಲ್ಲಿ, ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಒಬ್ಬರು ಹಾಗೆ ಮನೆ ಕಟ್ಟಿಸಿಕೊಂಡರು. ಗೃಹಪ್ರವೇಶದ ಊಟ ಬಡಿಸುತ್ತ ಅವರ ಹೆಂಡತಿ, "ಮಂಚ ಹಾಕಿದ್ರೆ ಬೀರು ಬಾಗ್ಲ ತಗಿಯಾಕ ಬರವಲ್ದು. ನಿಮ್ ಕಂಪ್ಯೂಟರ್‌ನಾಗ ಬರ್ತಿತ್ತಲ್ರಿ?" ಎಂದರು. ಇನ್ನೊಂದು ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದೆ. ಅಪ್ಪನ ಸ್ಕೇಲು ಸುಳ್ಳು ಹೇಳಿದರೂ ಕೊನೆಗೆ ಬರುವ ಸಾಮಾನು ನಿಜವಾದ ಅಳತೆಯದು. ನನ್ನ ಸ್ಕೇಲಿನಲ್ಲಿ ಕೋಣೆಯ ಅಳತೆ ಖಡಾಖಂಡಿತ ನಿಜ, ಆದರೂ ಕೊನೆಗೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿ ನನಗೆ ದಣಿವಾಗಿದೆ. ಕತ್ತಿನ ದಣಿವಿಗೆ ಬೆಲ್ಟು, ಕಣ್ಣಿನದಕ್ಕೆ ಡ್ರಾಪ್ಸು ಇದೆ. ಇದಕ್ಕೆ ಏನು ಹಾಕಿಕೊಳ್ಳುವುದೋ ಗೊತ್ತಿಲ್ಲ.

ಅಪ್ಪ ಈಗ ನನ್ನ ಜೊತೆಗೇ ಇದ್ದಾರೆ. ಎರಡು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆ. ಅವರಿಗೆ ಉಳಿದಿರುವುದು ಕೈ. ಚಮಚ, ನಲ್ಲಿ, ಕುರ್ಚಿಯ ತೋಳು, ಏನು ಸಿಕ್ಕರೂ ಹೆಬ್ಬೆರಳಿನಿಂದ ಅಂಚು ಸವರಿ, ಇದನ್ನು ಹೊಯ್ಯುವಾಗ ಅಚ್ಚು ಸರಿದಿದೆ, ಇದನ್ನು ಮಾಡಿದವನಿಗೆ ಅವಸರ ಇತ್ತು ಎಂದು ತೀರ್ಪು ಕೊಡುತ್ತಾರೆ. ಮಾಡಿದವರೊಡನೆ ಮಾತಾಡಿದಷ್ಟು ಸಂತೋಷ ಅವರಿಗೆ. ನನ್ನ ಇಪ್ಪತ್ತು ವರ್ಷದ ಉದ್ಯೋಗದಲ್ಲಿ ಆ ಕೈಗೆ ಕೊಡಬಹುದಾದ ಒಂದು ಸಾಮಾನೂ ಇರಲಿಲ್ಲ. ಸ್ಕೇಲು ಸಿಕ್ಕ ದಿನ ಇದು ನನ್ನನ್ನು ಬಹಳ ಚುಚ್ಚಿತು. ಒಂದೇ ಒಂದು ಸಲ, ಅವರು ಇರುವಾಗಲೇ, ನನ್ನದೊಂದನ್ನು ಅವರ ಕೈಯಲ್ಲಿ ಇಡಬೇಕು ಅನ್ನಿಸಿತು.

ಎರಡು ದಿನ ಕಳೆದು ಗಂಗಕ್ಕ ಬಂದಳು. ಆನೆಕೊಂಡದಲ್ಲಿ ಪಡ್ಡಿನ ಅಂಗಡಿ ಇಟ್ಟವಳು. ಅಪ್ಪನಿಗೆ ಹಳೆಯ ಪರಿಚಯ. ಬಟ್ಟೆಯಲ್ಲಿ ಸುತ್ತಿ ತಂದಿದ್ದ, ಬಿರುಕು ಬಿಟ್ಟು ತಂತಿ ಬಿಗಿದ ಎರಕದ ಪಡ್ಡಿನ ಹಂಚೊಂದನ್ನು ಅಪ್ಪನ ಮುಂದೆ ಇಟ್ಟಳು.

"ಮೇಸ್ತ್ರಿಗಳೇ, ಇದು ನಿಮ್ ಪ್ಯಾಟ್ರನ್ನಿಂದ ಹೊಯ್ದ ಹಂಚು. ನಮ್ಮತ್ತೆ ಕಾಲದ್ದು. ಇದು ಒಡದ ಮ್ಯಾಲೆ ಎರಡು ಹಂಚು ಮಾಡ್ಸಿದೆ. ಪಡ್ಡು ಸಣ್ಣಾಕ್ಕೊಂತ ಹೊಂಟೈತ್ರಿ! ಗಂಗಕ್ಕನ ಕೈ ಬಿಗಿ ಆತು ಅಂತ ಗಿರಾಕಿಗಳು ಆಡ್ಕಣಾಕ ಹತ್ಯಾರ. ಹಿಟ್ಟು ಅದೇ, ಸೌಟು ಅದೇ. ನಾನೇನ್ ಮಾಡ್ಲಿ?"

ಹರಿಹರದಲ್ಲಿ ಸಣ್ಣ ಎರಕದ ಶಾಪು ಇಟ್ಟಿರುವ ಬಶೀರ್ ಚಾಚಾ ಅಪ್ಪನ ಜೊತೆಯವರು, ಅಪ್ಪನ ಪ್ಯಾಟ್ರನ್‌ಗಳನ್ನು ಮರಳಿಗೆ ಒತ್ತಿದವರು. ಫೋನ್ ಮಾಡಿದೆ.

"ತಪ್ಪು ನಂದೇ ಬೇಟಿ. ಪ್ಯಾಟ್ರನ್ನು ಗೆದ್ಲು ತಿಂದಿತ್ತು. ಹಳೇ ಹಂಚನ್ನೇ ಒತ್ತಿ ಹೊಸದು ಹೊಯ್ದೆ. ಅದು ಒಡೀತು, ಅದನ್ನೇ ಒತ್ತಿ ಇನ್ನೊಂದು. ಹಂಚಿಂದ ಹಂಚು ತೆಗೆದ್ರೆ ಪ್ರತಿ ಸಲ ಕುಗ್ತಾ ಹೋಗ್ತದೆ. ಮೇಸ್ತ್ರಿಗೆ ಹೇಳ್ಬ್ಯಾಡ."

ಹೇಳುವ ಅಗತ್ಯವಿರಲಿಲ್ಲ. ಅಪ್ಪ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗುಳಿಗೆ ಬೆರಳು ಇಳಿಸುತ್ತಿದ್ದರು. "ಇನ್ನೊಂದು ಪ್ಯಾಟ್ರನ್ ಮಾಡಿಕೊಡ್ರಿ" ಎಂದಳು ಗಂಗಕ್ಕ. ಕಣ್ಣು ಹೋದದ್ದು ಅವಳಿಗೆ ಗೊತ್ತಿರಲಿಲ್ಲ. "ನನ್ ಕೈಲಿ ಆಗಲ್ಲವ್ವ" ಎಂದು ಅಪ್ಪ ಮುಖ ಆ ಕಡೆ ತಿರುಗಿಸಿದರು. ಅಪ್ಪನ ಬಾಯಲ್ಲಿ ಆ ಮಾತನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

"ನಾನು ಮಾಡಿಕೊಡ್ತೀನಿ" ಅಂದೆ.

"ನೀನಾ?" ಅಪ್ಪ ಮೆಲ್ಲಗೆ ಅಂದರು. "ಪರದೆ ಮ್ಯಾಲೆ ಪಡ್ಡು ಹುಯ್ಯಾಕ ಬರಲ್ಲವ್ವ."

ಅಂದೇ ಅಳತೆಗೆ ಕೂತೆ. ಗುಳಿಯ ಅಗಲ, ಆಳ, ಎರಡರ ನಡುವಿನ ದೂರ, ಹಿಡಿಕೆಯ ಬಾಗು. ಅಪ್ಪನ ಹಂಚನ್ನು ಅಪ್ಪನ ಸ್ಕೇಲಿನಲ್ಲೇ ಅಳೆಯೋಣ ಎಂಬ ಭಾವುಕತೆ ಬೇರೆ. ಸಾಫ್ಟ್‌ವೇರಿನಲ್ಲಿ ಒಂದು ತಟ್ಟೆ ಮಾಡಿ, ಚೆಂಡೊಂದನ್ನು ಅದರೊಳಗೆ ಅರ್ಧ ಮುಳುಗಿಸಿ ಕಳೆದರೆ ಒಂದು ಗುಳಿ. ಅಂಥವು ಹನ್ನೆರಡು. ಮೊದಲು ಕಲಿತ ಆ ಭಾರವಿಲ್ಲದ ಚೆಂಡು ಕೊನೆಗೂ ಒಂದು ಉಪಯೋಗಕ್ಕೆ ಬಂತು. ಫೋಟೋ ನೋಡಿಕೊಂಡು ಹಳೆಯ ಹಂಚಿನ ಉಬ್ಬುತಗ್ಗುಗಳನ್ನೆಲ್ಲ ಹಾಗೇ ತಂದೆ. ಹಿಡಿಕೆಯ ಕೆಳಗೆ ಮಾತ್ರ ಮೂರು ಗುಳ್ಳೆಗಳಿದ್ದವು. ತುಕ್ಕಿನವು ಇರಬೇಕೆಂದು ಒರೆಸಿ ನುಣ್ಣಗೆ ಮಾಡಿದೆ. ಕೊನೆಗೆ ಎರಕದ ಕುಗ್ಗಿಗೆಂದು ನೂರಕ್ಕೆ ಒಂದು ಹಿಗ್ಗಿಸಿದೆ. ಬಾಗಿಲಿಗೆ ಬಳ್ಳಿ, ನವಿಲು ಕೊರೆಯುವ ಮೆಷಿನ್ನಿನ ಅಂಗಡಿಗೆ ಫೈಲು ಕೊಟ್ಟೆ. ಮರುದಿನ ಮರದ ಹಂಚು ಬಂತು. ನನ್ನ ಪರದೆಯೊಳಗಿಂದ ಒಂದು ಸಾಮಾನು ಇಳಿದು ಟೇಬಲ್ಲಿನ ಮೇಲೆ ಕೂತಿತು. ಅದನ್ನು ಎತ್ತಿ ಮೂಸಿ ನೋಡಿದೆ, ನಗಬೇಡಿ.

ಹಳೆಯ ಹಂಚಿನ ಮೇಲೆ ಅದನ್ನು ಇಟ್ಟೆ. ಅಂಚಿಗೆ ಅಂಚು, ಗುಳಿಗೆ ಗುಳಿ, ಕೂದಲೆಳೆ ಆಚೀಚೆ ಇಲ್ಲ. ಖುಷಿಯಿಂದ ಎರಡನ್ನೂ ಹಾಗೇ ಎತ್ತಿ ಅಪ್ಪನ ತೊಡೆಯ ಮೇಲಿಟ್ಟೆ. "ನೋಡ್ರಿ, ಎಷ್ಟು ಸರಿಯಾಗಿ ಕೂತೈತೆ!"

ಅಪ್ಪ ಹೆಬ್ಬೆರಳನ್ನು ಸುತ್ತಲೂ ಓಡಿಸಿದರು. ಇನ್ನೊಂದು ಸುತ್ತು ಓಡಿಸಿದರು.

"ಸರಿಯಾಗಿ ಕೂತೈತಲ್ಲ, ಅದಕ್ಕೇ ತಪ್ಪು. ಪ್ಯಾಟ್ರನ್ನು ಹಂಚಿಗಿಂತ ದೊಡ್ಡದಿರಬೇಕು. ಕುಗ್ಗು ಎಲ್ಲಿ?"

"ಕೊಟ್ಟೀನಪ್ಪ. ನೂರಕ್ಕೆ ಒಂದು."

"ಯಾವ ಸ್ಕೇಲ್‌ನಾಗ ಅಳತಿ ಮಾಡ್ದಿ?"

ಉಕ್ಕಿನ ಸ್ಕೇಲನ್ನು ತಂದು ಅಪ್ಪನ ಕೈಗಿಟ್ಟೆ. ಹಿಗ್ಗಿದ ಸ್ಕೇಲು ಎಲ್ಲವನ್ನೂ ನೂರಕ್ಕೆ ಒಂದು ಕಡಿಮೆ ಹೇಳಿತ್ತು. ನಾನು ನೂರಕ್ಕೆ ಒಂದು ಸೇರಿಸಿದ್ದೆ. ಅಲ್ಲಿಗಲ್ಲಿಗೆ ಸರಿಹೋಗಿ, ಕುಗ್ಗೇ ಇಲ್ಲದ ಪ್ಯಾಟ್ರನ್ನು ಬಂದಿತ್ತು. ಅದರಿಂದ ಹೊಯ್ದಿದ್ದರೆ ಗಂಗಕ್ಕನ ಪಡ್ಡು ಮತ್ತೆ ಸಣ್ಣದೇ. ಇದೇ ಸ್ಕೇಲು ಹಿಡಿದು ಬೆಂಚಿನ ಮೇಲೆ ನಿಂತಿದ್ದವಳು ನಾನು! ಅಪ್ಪನಿಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಗಂಟಲಿನಿಂದ ಬಂತು, ಕೊನೆಗೆ ಆ ಕಾಣದ ಕಣ್ಣುಗಳಲ್ಲಿ ನೀರು ಬಂತು. "ಐದನೇ ಕ್ಲಾಸ್‌ನಾಗ ಇದ್ದಂಗೆ ಇದೀ ನೋಡು" ಅಂದರು. ನನಗೆ ನಾಚಿಕೆಯೂ ಆಯಿತು, ಹೊಟ್ಟೆ ತುಂಬಿದ ಹಾಗೂ ಆಯಿತು.

ನಗು ನಿಂತ ಮೇಲೆ ಪ್ಯಾಟ್ರನ್ನನ್ನು ಬೋರಲು ಮಾಡಿ ಹಿಡಿಕೆಯ ಕೆಳಗೆ ಬೆರಳಾಡಿಸಿದರು. ಏನನ್ನೋ ಹುಡುಕಿದರು.

"ಮೂರು ಮೊಳೆ ಇದ್ವಲ್ಲ, ಎಲ್ಲಿ?"

"ಯಾವ ಮೊಳೆ?"

"ಹಿತ್ತಾಳಿ ಮೊಳೆ. ಗುಂಡು ತಲೇವು. ನಮ್ಮ ಉಸ್ತಾದರ ಉಸ್ತಾದರು ತಾವು ಮಾಡಿದ ಪ್ಯಾಟ್ರನ್‌ಗೆ ಒಂದು ಹೊಡೀತಿದ್ರಂತೆ. ಉಸ್ತಾದರು ಎರಡು. ನಾನು ಮೂರು. ಎರಕದಾಗೂ ಮೂಡ್ತಾವ, ಯಾರು ಮಾಡಿದ್ದಂತ ಗೊತ್ತಾಗಾಕ."

ನಾನು ತುಕ್ಕೆಂದು ಒರೆಸಿ ಹಾಕಿದ್ದು ಅಪ್ಪನ ಹೆಸರು. ಒಪ್ಪಿಕೊಂಡೆ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು" ಎಂದು ಪ್ಯಾಟ್ರನ್ನನ್ನು ನನ್ನ ಕೈಗೆ ಕೊಟ್ಟರು. ಅದೇ ಹೊತ್ತಿಗೆ ಯಾರೋ ನೆಂಟರ ಫೋನು ಬಂತು. "ಶಶೀನಾ? ಇಲ್ಲೇ ಅದಾಳ. ಕಂಪ್ಯೂಟರ್ ಮುಂದೆ ಕೂಡ್ತಾಳ" ಎನ್ನುವುದು ಕೇಳಿಸಿತು.

ಪ್ಯಾಟ್ರನ್ನನ್ನು ಹಿಗ್ಗಿಸುವುದು ಒಂದು ಅಂಕಿ ಬರೆದು ಗುಂಡಿ ಒತ್ತುವಷ್ಟರ ಕೆಲಸ. ಅಪ್ಪನಿಗಾದರೆ ಹದಿನೈದು ದಿನ ಹಿಡಿಯುತ್ತಿತ್ತು. ನನಗೆ ಇಡೀ ಮಧ್ಯಾಹ್ನ ಹಿಡಿದದ್ದು ಹಿಡಿಕೆಯ ಕೆಳಗಿನ ಗುಳ್ಳೆಗಳು. ಮೂರು ಇಟ್ಟರೆ ಅಪ್ಪ ಮಾಡದ್ದನ್ನು ಅಪ್ಪನದೆಂದು ಹೇಳಿದ ಹಾಗೆ. ನಾಲ್ಕು ಇಡಲು ನನಗೆ ಯಾರೂ ಹೇಳಿರಲಿಲ್ಲ. ಶಾಪಿನ ಬಾಗಿಲೊಳಗೆ ಕಾಲಿಡಲು ಬಿಡದಿದ್ದವರ ಸಾಲಿನಲ್ಲಿ ನಾನಾಗಿ ಹೋಗಿ ನಿಲ್ಲುವುದು ಹೇಗೆ? ಏನೂ ಇಡದೆ ನುಣ್ಣಗೆ ಬಿಟ್ಟುಬಿಡುವುದೇ ಸಲೀಸು, ನನ್ನ ಎಲ್ಲ ಮನೆಗಳೂ ಹಾಗೇ ನುಣ್ಣಗಿವೆ. ನಾಲ್ಕನೆಯದನ್ನು ಇಟ್ಟೆ, ಅಳಿಸಿದೆ, ಇಟ್ಟೆ. ಕತ್ತು ಹಿಡಿದುಕೊಂಡಿತು. ಕೊನೆಗೆ ನಾಲ್ಕು ಇರುವಂತೆಯೇ ಫೈಲು ಕಳಿಸಿ, ಅಪ್ಪನಿಗೆ ಹೇಳದೆ, ಪ್ಯಾಟ್ರನ್ನನ್ನು ಅಂಗಡಿಯಿಂದ ಸೀದಾ ಹರಿಹರಕ್ಕೆ ಒಯ್ದು ಕೊಟ್ಟೆ.

ಒಂದು ವಾರಕ್ಕೆ ಬಶೀರ್ ಚಾಚಾ ಹಂಚನ್ನು ಚೀಲದಲ್ಲಿ ಹಾಕಿಕೊಂಡು ತಾವೇ ಬಸ್ಸು ಹತ್ತಿ ಬಂದರು. ಗಂಗಕ್ಕನನ್ನೂ ಕರೆಸಿದೆವು. ಅವಳು ತನ್ನ ಸೌಟು ತಂದು ಗುಳಿಗೆ ನೀರು ಹುಯ್ದು ನೋಡಿ, "ನಮ್ಮತ್ತೆ ಹಂಚೇ ಬಂತು" ಎಂದು ಕೂತುಬಿಟ್ಟಳು. ಅಪ್ಪ ಹಂಚಿಗಾಗಿ ಎರಡೂ ಕೈ ಚಾಚಿದರು. ಅಂಚು ಸವರಿದರು. ಗುಳಿಗಳಿಗೆ ಬೆರಳು ಇಳಿಸಿದರು. ಹಂಚನ್ನು ಮಗುಚಿದರು. ಹಿಡಿಕೆಯ ಕೆಳಗೆ ಹೆಬ್ಬೆರಳು ನಿಧಾನವಾಗಿ ಹೋಯಿತು, ಹಿಂದೆ ಬಂತು, ಮತ್ತೆ ಹೋಗಿ ತುದಿಯಲ್ಲಿ ನಿಂತಿತು.

"ನಾನೂ ಮರಳು ಒತ್ತುವಾಗ ನೋಡ್ದೆ" ಎಂದರು ಬಶೀರ್ ಚಾಚಾ. "ಮೇಸ್ತ್ರಿ, ನಿಮ್ದು ಮೂರಲ್ವಾ? ಇಲ್ಲಿ ನಾಕೈತೆ."

ಅಪ್ಪನ ಹೆಬ್ಬೆರಳು ಆ ತುದಿಯ ಗುಳ್ಳೆಯ ಮೇಲೇ ಇತ್ತು.

"ಹೌದು ಬಶೀರ. ಮೂರಿದ್ರೆ ನಂದು" ಎಂದರು. "ಇದು ಶಶೀ ಕೆಲ್ಸ."